ಬೆಳಗ್ಗೆ ಎದ್ದು ನೋಡಿದರೆ ಪಂಜರ ಸುಮ್ಮನಿತ್ತು: ಹ್ಯಾಮ್‌ಸ್ಟರ್, ಗಿನಿಪಿಗ್, ಸಾಕಿದ ಇಲಿ ಇದ್ದಕ್ಕಿದ್ದಂತೆ ಸತ್ತಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಹನ್ನೊಂದು ವರ್ಷದಿಂದ ಹ್ಯಾಮ್‌ಸ್ಟರ್, ಗಿನಿಪಿಗ್ ಇವೆ, ಇಲಿ ಜಾತಿಯ ಸಣ್ಣ ಸಾಕುಪ್ರಾಣಿಗಳು. ಇದುವರೆಗೆ ಏಳು ಸತ್ತಿವೆ. ಅದರಲ್ಲಿ ನಾಲ್ಕು ಯಾವ ಸುಳಿವೂ ಕೊಡದೆ ಹೋದವು. ಇದು ಗೊತ್ತಿರುವುದರಿಂದ ಬಿಲ್ಡಿಂಗಿನವರು, ಮಗಳ ಶಾಲೆಯ ಅಮ್ಮಂದಿರು, ಮಾಟುಂಗಾ, ಮುಲುಂಡ್, ಪುಣೆಯ ಪರಿಚಯದವರು ನನಗೆ ಫೋನ್ ಮಾಡುತ್ತಾರೆ. ಒಂದಿಬ್ಬರು ಕಾಗದ ಬರೆದು ಕೇಳಿದ್ದಾರೆ. ಹೆಚ್ಚಿನವರು "ನಗಬೇಡಿ, ಒಂದು ವಿಷಯ ಕೇಳ್ಬೇಕು" ಅಂತ ಶುರು ಮಾಡುತ್ತಾರೆ. ನಗುವುದಕ್ಕೆ ಇದರಲ್ಲಿ ಏನೂ ಇಲ್ಲ. ಅವರ ಪ್ರಶ್ನೆಗಳನ್ನು ಅವರ ಮಾತಲ್ಲೇ ಇಟ್ಟಿದ್ದೇನೆ. ನಾನು ಡಾಕ್ಟರಲ್ಲ. ಡಾಕ್ಟರಿಗೆ ತೋರಿಸಬೇಕಾದ ಕಡೆ ಹಾಗಂತ ಹೇಳಿದ್ದೇನೆ.

## ಮೊದಲ ಕೆಲವು ಗಂಟೆ

"ಅಕ್ಕಾ, ಬೆಳಗ್ಗೆ ನೋಡಿದ್ರೆ ತಣ್ಣಗಾಗಿ ಬಿದ್ದಿತ್ತು. ನಿಜವಾಗ್ಲೂ ಸತ್ತಿದೆಯಾ, ನಿದ್ದೆಯಾ?"

ಹ್ಯಾಮ್‌ಸ್ಟರ್ ಆಗಿದ್ದರೆ ಇದನ್ನು ಕೇಳಲೇಬೇಕು. ತುಂಬಾ ಚಳಿಯಾದಾಗ, ಹೊಟ್ಟೆಗೆ ಸಾಲದಿದ್ದಾಗ ಹ್ಯಾಮ್‌ಸ್ಟರ್ ಮೈಯ ಬಿಸಿ ಇಳಿಸಿಕೊಂಡು ಮರಗಟ್ಟಿದ ಹಾಗೆ ಮಲಗಿಬಿಡುತ್ತದೆ. ಉಸಿರಾಟ ಕಣ್ಣಿಗೇ ಕಾಣದಷ್ಟು ನಿಧಾನವಾಗುತ್ತದೆ. ಮುಂಬೈ ಹವೆಯಲ್ಲಿ ಇದು ಅಪರೂಪ. ಪುಣೆಯಲ್ಲಿ ಡಿಸೆಂಬರ್, ಜನವರಿಯ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಅಲ್ಲಿ ಬಾಲ್ಕನಿಯಲ್ಲಿ ಪಂಜರ ಇಟ್ಟಿದ್ದರೆ ಆಗಬಹುದು.

ಹೀಗೆ ನೋಡಿ. ಕಾಲು ಮೆಲ್ಲಗೆ ಮಡಚಿ. ಮೈ ಮೆತ್ತಗಿದ್ದರೆ ಬೇಗ ತೀರ್ಮಾನಕ್ಕೆ ಬರಬೇಡಿ. ಕನ್ನಡಕದ ಗಾಜನ್ನು ಮೂಗಿನ ಹತ್ತಿರ ಹಿಡಿಯಿರಿ, ಆವಿ ಕೂರುತ್ತದಾ ನೋಡಿ. ಮೀಸೆ ಅಲುಗುತ್ತದಾ ನೋಡಿ. ಹತ್ತಿ ಬಟ್ಟೆಯಲ್ಲಿ ಸುತ್ತಿ ಎರಡೂ ಅಂಗೈ ನಡುವೆ, ಎದೆಗೆ ಆನಿಸಿಕೊಂಡು ಅರ್ಧ ಗಂಟೆ ಕೂತುಕೊಳ್ಳಿ. ಬಿಸಿನೀರು, ಹೇರ್ ಡ್ರೈಯರ್ ಬೇಡ. ಬಾಯಿಗೆ ನೀರು ಬಿಡಬೇಡಿ. ಎದ್ದರೆ ಮೊದಲು ನಡುಗುತ್ತದೆ, ಆಮೇಲೆ ಕಣ್ಣು ಬಿಡುತ್ತದೆ. ಎದ್ದ ಮೇಲೂ ಡಾಕ್ಟರಿಗೆ ತೋರಿಸಿ. ಮೈ ಸೆಟೆದುಕೊಂಡಿದ್ದರೆ, ಬಿಸಿ ಮಾಡಿದರೂ ಏನೂ ಬದಲಾಗದಿದ್ದರೆ, ಅದು ಸತ್ತಿದೆ.

ಗಿನಿಪಿಗ್ ಹೀಗೆ ಮಲಗುವುದಿಲ್ಲ. ಅದು ತಣ್ಣಗಾಗಿ ಬಿದ್ದಿದ್ದರೆ ಒಂದೋ ಹೋಗಿದೆ, ಇಲ್ಲ ಹೋಗುತ್ತಿದೆ. ಉಸಿರಿದ್ದರೆ ತಕ್ಷಣ ಆಸ್ಪತ್ರೆಗೆ ಹೊರಡಿ.

"ಕಣ್ಣು ತೆರೆದೇ ಇತ್ತು. ಒದ್ದಾಡಿ ಸತ್ತಿತಾ?"

ಕಣ್ಣು ತೆರೆದಿರುವುದರಿಂದ ಏನೂ ಗೊತ್ತಾಗುವುದಿಲ್ಲ. ಸತ್ತ ಮೇಲೆ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ. ಸ್ವಲ್ಪ ಮೂತ್ರ ಹೋಗಿರುವುದು, ಸತ್ತ ಕೂಡಲೇ ಕಾಲೊಂದು ಸಣ್ಣಗೆ ಅದುರುವುದು, ಇದೆಲ್ಲಾ ಸ್ನಾಯು ಸಡಿಲವಾಗುವಾಗ ಆಗುತ್ತದೆ. ಆಗ ಅದಕ್ಕೆ ನೋವಿನ ಅರಿವು ಇರುವುದಿಲ್ಲ.

"ಬರಿಗೈಯಲ್ಲಿ ಎತ್ತಿಕೊಂಡೆ. ಏನಾದರೂ ರೋಗ ಅಂಟುತ್ತದಾ?"

ಎತ್ತಿಕೊಂಡದ್ದು ಸರಿಯೇ. ಕೊನೆಯ ಸಲ ಕೈಯಲ್ಲಿ ಹಿಡಿಯಬೇಕು ಅಂತ ಅನ್ನಿಸುವುದು ಸಹಜ. ಸೋಪು ಹಾಕಿ ಚೆನ್ನಾಗಿ ಕೈ ತೊಳೆದರೆ ಹೆಚ್ಚಿನ ಭಯ ಇಲ್ಲ. ಕೈಯಲ್ಲಿ ಗಾಯ ಇದ್ದರೆ, ಪ್ರಾಣಿಗೆ ಭೇದಿ ಆಗಿದ್ದರೆ ಕೈಗವಸು ಹಾಕಿಕೊಳ್ಳಿ. ಇಲ್ಲದಿದ್ದರೆ ಕೈಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡರೂ ಸಾಕು. ಹ್ಯಾಮ್‌ಸ್ಟರ್, ಇಲಿಗಳಿಂದ ಬರುವ ಒಂದು ವೈರಸ್ ಹೊಟ್ಟೆಯಲ್ಲಿರುವ ಮಗುವಿಗೆ ಕೆಟ್ಟದ್ದು. ಹಾಗಾಗಿ ಬಸುರಿಯರು ಮುಟ್ಟದಿರುವುದು, ಪಂಜರ ತೊಳೆಯದಿರುವುದು ಒಳ್ಳೆಯದು. ಸಾಯುವ ಮೊದಲು ಕಚ್ಚಿದ್ದರೆ, ಆಮೇಲೆ ನಿಮಗೆ ಜ್ವರ ಬಂದರೆ, ಡಾಕ್ಟರ ಹತ್ತಿರ ಮೊದಲ ಮಾತೇ "ಸಾಕಿದ ಇಲಿ ಕಚ್ಚಿತ್ತು" ಅಂತ ಇರಲಿ. ನಾಚಿಕೆ ಪಟ್ಟುಕೊಂಡು ಮುಚ್ಚಿಡಬೇಡಿ.

"ಯಾಕೆ ಸತ್ತಿತು ಅಂತ ಪರೀಕ್ಷೆ ಮಾಡಿಸಬಹುದಾ? ಇಷ್ಟು ಸಣ್ಣದಕ್ಕೂ ಮಾಡ್ತಾರಾ?"

ಮಾಡುತ್ತಾರೆ. ನಿಮ್ಮ ಡಾಕ್ಟರನ್ನು ಮೊದಲು ಕೇಳಿ. ಮುಂಬೈಯ ಪರೇಲ್‌ನಲ್ಲಿ 1886ರಿಂದ ನಡೆಯುತ್ತಿರುವ ವೆಟರಿನರಿ ಕಾಲೇಜು ಇದೆ. ಅಲ್ಲಿಗೂ ಫೋನ್ ಮಾಡಿ ವಿಚಾರಿಸಬಹುದು. ಮನೆಯಲ್ಲಿ ಇನ್ನೂ ಪ್ರಾಣಿಗಳಿದ್ದರೆ ಮಾಡಿಸಿ ಅಂತಲೇ ಹೇಳುತ್ತೇನೆ. ಒಂದೇ ಇತ್ತು, ವಯಸ್ಸೂ ಆಗಿತ್ತು ಅಂದರೆ ನಾನಾದರೆ ಮಾಡಿಸುವುದಿಲ್ಲ.

ಮುಖ್ಯ ವಿಷಯ, ದೇಹ ಫ್ರೀಜರಿನಲ್ಲಿ ಇಡಬೇಡಿ. ಹೆಪ್ಪುಗಟ್ಟಿದರೆ ಒಳಗಿನ ಅಂಗಾಂಶ ಹಾಳಾಗಿ ಏನೂ ಗೊತ್ತಾಗುವುದಿಲ್ಲ. ಫ್ರಿಜ್ಜಿನ ಕೆಳಗಿನ ತಣ್ಣನೆ ಜಾಗ ಸರಿ. ಅಡುಗೆಮನೆ ಫ್ರಿಜ್ಜಿನಲ್ಲಿ ಇಡುವುದಕ್ಕೆ ಹಿರಿಯರು ಒಪ್ಪದಿದ್ದರೆ ಜಗಳ ಬೇಡ. ಮೀನಿನವರ ಹತ್ತಿರ ಥರ್ಮೋಕೋಲ್ ಡಬ್ಬಿ ಸಿಗುತ್ತದೆ. ಕೆಳಗೆ ಐಸ್, ಅದರ ಮೇಲೆ ಪೇಪರ್, ಮೇಲೆ ಮುಚ್ಚಿದ ಚೀಲದಲ್ಲಿ ದೇಹ. ಒಂದು ದಿನದೊಳಗೆ ತಲುಪಿಸಿ.

## ಮಣ್ಣು ಮಾಡುವುದು

"ಮೂರನೇ ಮಹಡಿಯ ಮನೆ. ಹೂಳೋಕೆ ಮಣ್ಣೆಲ್ಲಿದೆ?"

ಈ ಊರಲ್ಲಿ ಸತ್ತ ಪ್ರಾಣಿಯನ್ನು ಕೈಯಲ್ಲಿಟ್ಟುಕೊಂಡು ಎಲ್ಲಿಗೆ ಹೋಗುವುದು ಅಂತ ನಿಂತವರೇ ಜಾಸ್ತಿ. ನಾನೂ ನಿಂತಿದ್ದೇನೆ. ರಾತ್ರಿ ಒಂಬತ್ತಕ್ಕೆ ಶೂ ಡಬ್ಬಿ ಹಿಡಿದು ಗೇಟಿನ ಹತ್ತಿರ ಹೋದಾಗ ವಾಚ್‌ಮನ್ ಏನು ಅಂತ ಕೇಳಿದರು. ಹೇಳಿದೆ. ಅವರೇ ಹಾರೆ ತಂದು, ಬೋರ್‌ವೆಲ್ ಹಿಂದಿನ ಮೂಲೆಯಲ್ಲಿ ಗುಂಡಿ ತೋಡಿಕೊಟ್ಟರು. ಹಾಗಾಗಿ ಮೊದಲು ನಿಮ್ಮ ಬಿಲ್ಡಿಂಗಿನ ಸೊಸೈಟಿಯಲ್ಲಿ ಕೇಳಿ ನೋಡಿ. ಕಾರ್ಯದರ್ಶಿಗೆ ಒಂದು ಮಾತು ಹೇಳಿ.

ಗುಂಡಿ ಎರಡರಿಂದ ಮೂರು ಅಡಿ ಆಳ ಇರಲಿ. ಅದಕ್ಕಿಂತ ಕಮ್ಮಿಯಾದರೆ ಹೆಗ್ಗಣ, ಬೆಕ್ಕು, ನಾಯಿ ಕೆದರುತ್ತವೆ. ಬೆಳಗ್ಗೆ ಅದನ್ನು ಮಕ್ಕಳು ನೋಡುವ ಹಾಗೆ ಆಗಬಾರದು. ಪ್ಲಾಸ್ಟಿಕ್‌ನಲ್ಲಿ ಸುತ್ತಬೇಡಿ. ಹಳೇ ಹತ್ತಿ ಬಟ್ಟೆ ಸಾಕು. ಮೇಲೆ ಒಂದು ಚಪ್ಪಡಿ ಕಲ್ಲು ಇಡಿ. ಮಳೆಗಾಲದಲ್ಲಿ ನೀರು ನಿಲ್ಲುವ ಜಾಗ ಬೇಡ.

ಹ್ಯಾಮ್‌ಸ್ಟರ್ ಆದರೆ ದೊಡ್ಡ ಹೂಕುಂಡದಲ್ಲೂ ಮಣ್ಣು ಮಾಡಬಹುದು. ಅದು ಒಂದು ಮೂಸಂಬಿಗಿಂತ ಹಗುರ. ಹದಿನಾರು ಇಂಚಿನ ಕುಂಡ ತನ್ನಿ. ತಳಕ್ಕೆ ನಾಲ್ಕು ಬೆರಳು ಮಣ್ಣು, ಬಟ್ಟೆಯಲ್ಲಿ ಸುತ್ತಿದ ದೇಹ, ಮೇಲೆ ಒಂದು ಗೇಣಿಗಿಂತ ಜಾಸ್ತಿ ಮಣ್ಣು. ದಾಸವಾಳವೋ ಕನಕಾಂಬರವೋ ನೆಡಿ. ಒಂದು ವರ್ಷ ಕೆದಕಬೇಡಿ. ಗಿನಿಪಿಗ್ ಒಂದು ಕಿಲೋ ಹತ್ತಿರ ತೂಗುತ್ತದೆ, ಅದಕ್ಕೆ ಕುಂಡ ಆಗುವುದಿಲ್ಲ.

ಸುಡುವುದಾದರೆ, ಮುಂಬೈ ಮಹಾನಗರಪಾಲಿಕೆ 2023ರಲ್ಲಿ ಮಲಾಡ್‌ನಲ್ಲಿ ಸಾಕುಪ್ರಾಣಿಗಳಿಗೆಂದು ಗ್ಯಾಸಿನ ದಹನ ಘಟಕ ಶುರು ಮಾಡಿದೆ. ಫೋನ್ ಮಾಡಿ ಕೇಳಿಕೊಂಡೇ ಹೋಗಿ. ಖಾಡಿಗೆ (ಸಮುದ್ರದ ಹಿನ್ನೀರಿಗೆ), ಸಮುದ್ರಕ್ಕೆ ಹಾಕುವುದು ಬೇಡ.

"ಸೂತಕ ಹಿಡೀಬೇಕೇನ್ರಿ? ದೇವರ ದೀಪ ಹಚ್ಚಬಹುದಾ?"

ಸೂತಕ ಇರುವುದು ರಕ್ತಸಂಬಂಧಕ್ಕೆ, ಕುಲಕ್ಕೆ. ಪ್ರಾಣಿಗೆ ಇಲ್ಲ. ಸ್ನಾನ ಮಾಡಿ ದೀಪ ಹಚ್ಚಿ. ಸತ್ತದ್ದರ ಹೆಸರಲ್ಲಿ ಒಂದು ಹೂವು ಇಡಬೇಕು ಅನ್ನಿಸಿದರೆ ಇಡಿ. ಪ್ರಭಾದೇವಿಯ ಸಿದ್ಧಿವಿನಾಯಕನ ಗುಡಿಯಲ್ಲಿ ಬೆಳ್ಳಿಯ ಮೂಷಿಕನ ಕಿವಿಯಲ್ಲಿ ಜನ ತಮ್ಮ ಆಸೆ ಹೇಳಿಕೊಳ್ಳುತ್ತಾರೆ, ನೀವೂ ನೋಡಿರುತ್ತೀರಿ. ನಾವು ಸಾಕಿದ್ದ ಗುಂಡ ಸತ್ತ ವಾರ ನನ್ನ ಮಗಳು ಅಲ್ಲಿ ಏನೋ ಪಿಸುಗುಟ್ಟಿ ಬಂದಳು. ಏನಂತ ನಾನು ಕೇಳಲಿಲ್ಲ.

"ಗಾಬರಿಯಲ್ಲಿ ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿಬಿಟ್ಟೆ. ಈಗ ಮನಸ್ಸು ತಿನ್ನುತ್ತಿದೆ."

ನಾಲ್ಕು ಜನ ಇದನ್ನೇ ಹೇಳಿದ್ದಾರೆ, ನಾಲ್ವರೂ ಅತ್ತರು. ಎಂಟೂ ಹತ್ತರ ಲೋಕಲ್ ಹಿಡಿಯಬೇಕು, ಮಕ್ಕಳು ಏಳುವ ಹೊತ್ತು, ಏನು ಮಾಡಬೇಕು ಅಂತ ಹೇಳಿಕೊಡುವವರು ಯಾರೂ ಇಲ್ಲ. ಆ ಗಳಿಗೆಯಲ್ಲಿ ತೋಚಿದ್ದು ಅದು. ದೇಹ ಇಲ್ಲದಿದ್ದರೂ ಅದು ಮಲಗುತ್ತಿದ್ದ ಬಟ್ಟೆ ತುಂಡು, ಊಟದ ಬಟ್ಟಲು ಇರುತ್ತದಲ್ವಾ? ಅದನ್ನೇ ಕುಂಡದಲ್ಲಿ ಇಟ್ಟು ಗಿಡ ನೆಡಿ. ಇಬ್ಬರು ಹೀಗೆ ಮಾಡಿದರು.

## ಯಾಕೆ ಸತ್ತಿತು

"ರಾತ್ರಿ ಹತ್ತಕ್ಕೆ ಸೌತೆಕಾಯಿ ತಿಂದಿತ್ತು. ಬೆಳಗ್ಗೆ ಇಲ್ಲ. ಹೀಗೆ ಹೇಗಾಗುತ್ತದೆ?"

ಎಲ್ಲಕ್ಕಿಂತ ಜಾಸ್ತಿ ಜನ ಕೇಳುವುದು ಇದನ್ನೇ. ಹದ್ದು, ಹಾವು, ನರಿಗಳಿಗೆ ಆಹಾರವಾಗುವ ಪ್ರಾಣಿ ಇದು. ಕಾಡಿನಲ್ಲಿ ಕಾಯಿಲೆ ತೋರಿಸಿದ್ದೇ ಮೊದಲು ಹಿಡಿದುಹೋಗುತ್ತದೆ. ಆ ಬುದ್ಧಿ ನಮ್ಮ ಹಾಲ್‌ನಲ್ಲಿ ಕೂತರೂ ಹೋಗುವುದಿಲ್ಲ. ಮೈಯಲ್ಲಿ ಗೆಡ್ಡೆ ಇರಲಿ, ಹೃದಯ ಸೋತಿರಲಿ, ಶ್ವಾಸಕೋಶದಲ್ಲಿ ನಂಜು ಇರಲಿ, ಶಕ್ತಿ ಇರುವವರೆಗೂ ಚೆನ್ನಾಗಿದ್ದ ಹಾಗೇ ಓಡಾಡುತ್ತದೆ. ನಮಗೆ ಕಾಣುವ ಹೊತ್ತಿಗೆ ಕೊನೆಯ ದಿನ ಬಂದಿರುತ್ತದೆ. ಒಮ್ಮೊಮ್ಮೆ ಅದೂ ಕಾಣುವುದಿಲ್ಲ.

ಗಾತ್ರದ್ದೂ ಒಂದು ಕಾರಣ. ಹ್ಯಾಮ್‌ಸ್ಟರ್‌ನ ಹೃದಯ ನಿಮಿಷಕ್ಕೆ 250ಕ್ಕಿಂತ ಜಾಸ್ತಿ ಸಲ ಬಡಿಯುತ್ತದೆ. ಮೈಯಲ್ಲಿ ಕೂಡಿಟ್ಟ ನೀರು, ಕೊಬ್ಬು ಕಮ್ಮಿ. ನಾಯಿ ತಡೆದುಕೊಳ್ಳುವ ಭೇದಿಯನ್ನು ಇದು ಅಷ್ಟು ಹೊತ್ತು ತಡೆಯಲಾರದು. ಕೊನೆಯ ರಾತ್ರಿ ಸೌತೆಕಾಯಿ ತಿಂದಿತು ಅಂದರೆ ನೀವು ಏನೋ ನೋಡದೆ ಬಿಟ್ಟಿರಿ ಅಂತ ಅರ್ಥ ಅಲ್ಲ. ಅದು ತೋರಿಸಲಿಲ್ಲ.

"ಎರಡೇ ವರ್ಷಕ್ಕೆ ಹೋಯ್ತಲ್ಲಾ, ನಾವು ಸರಿ ನೋಡಿಕೊಳ್ಳಲಿಲ್ವಾ?"

ಹ್ಯಾಮ್‌ಸ್ಟರ್‌ಗೆ ಎರಡು ವರ್ಷ ಅಂದರೆ ಮುಪ್ಪು. ಎರಡರಿಂದ ಮೂರು ವರ್ಷವೇ ಅದರ ಆಯಸ್ಸು. ಸಾಕಿದ ಇಲಿಗೂ ಹಾಗೇ. ಇಲಿ ಜಾತಿಯದೇ ಆದ ಜರ್ಬಿಲ್ ಮೂರು ನಾಲ್ಕು ವರ್ಷ, ಗಿನಿಪಿಗ್ ಐದರಿಂದ ಎಂಟು. ಅಂಗಡಿಯಲ್ಲಿ ಇದನ್ನು ಹೇಳುವುದೇ ಇಲ್ಲ, ಅದು ನನಗೆ ಸಿಟ್ಟು ಬರಿಸುತ್ತದೆ. ಹುಟ್ಟುಹಬ್ಬಕ್ಕೆ ಕೊಡಿಸುವಾಗಲೇ ಮಗುವಿಗೆ ಗೊತ್ತಿರಬೇಕಾದ ಮಾತು ಇದು.

"ಮೇ ತಿಂಗಳು, ಮಧ್ಯಾಹ್ನ ಮನೆಗೆ ಬಂದರೆ ಮಲಗಿಬಿಟ್ಟಿತ್ತು. ಸೆಖೆಗೆ ಸಾಯ್ತದಾ?"

ಸಾಯುತ್ತದೆ. ನನ್ನ ಕಡ್ಲೆ ಹೋದದ್ದು ಹೀಗೆ.

ಹುರಿಗಡಲೆ ಬಣ್ಣದ ಗಿನಿಪಿಗ್ ಅದು, ಮೂರು ವರ್ಷ. ನಮ್ಮದು ಮೇಲಿನ ಮಹಡಿ, ತಲೆ ಮೇಲೆ ಸ್ಲ್ಯಾಬ್. ಮೇ ತಿಂಗಳಲ್ಲಿ ಡೊಂಬಿವಲಿ ಹೇಗೆ ಕಾಯುತ್ತದೆ ಅಂತ ಇಲ್ಲಿಯವರಿಗೆ ಗೊತ್ತು. ಅವತ್ತು ಬೆಳಗ್ಗೆ ಪಂಜರ ಕಿಟಕಿ ಪಕ್ಕ ಇಟ್ಟು, ಫ್ಯಾನ್ ಹಾಕಿ ಹೋದೆ. ಹನ್ನೆರಡಕ್ಕೆ ಕರೆಂಟ್ ಹೋಯಿತಂತೆ. ನಾಲ್ಕಕ್ಕೆ ಬಂದಾಗ ಪಕ್ಕಕ್ಕೆ ವಾಲಿ ಮಲಗಿತ್ತು. ಬಾಯಿ ಸುತ್ತ ಜೊಲ್ಲು, ಗಲ್ಲದ ಕೂದಲು ಒದ್ದೆ. ಕಿವಿ ಮುಟ್ಟಿದರೆ ಕಾದಿತ್ತು. ಉಸಿರು ಹೊಟ್ಟೆಯಿಂದ ಬರುತ್ತಿತ್ತು. ಹೆಸರು ಕರೆದೆ, ಮೂಗು ಒಮ್ಮೆ ಅಲುಗಿತು. ಬಟ್ಟೆಯಲ್ಲಿ ಸುತ್ತಿ ರಿಕ್ಷಾ ಹತ್ತಿದೆ. ಮೊದಲ ಕ್ಲಿನಿಕ್‌ನಲ್ಲಿ ನಾಯಿ ಬೆಕ್ಕು ಮಾತ್ರ ನೋಡುತ್ತೇವೆ ಅಂದರು. ಎರಡನೇದಕ್ಕೆ ಹೋಗುವಾಗ ಸ್ಟೇಷನ್ ಹತ್ತಿರ ಟ್ರಾಫಿಕ್‌ನಲ್ಲಿ, ಮಡಿಲಲ್ಲೇ ಹೋಯಿತು.

ಗಿನಿಪಿಗ್ ಮೂಲದಲ್ಲಿ ಆಂಡಿಸ್ ಬೆಟ್ಟದ ತಂಪು ಸೀಮೆಯದು. ಬೆವರುವುದಿಲ್ಲ. 27 ಡಿಗ್ರಿ ದಾಟಿದರೆ ಕಷ್ಟ ಶುರು, ಗಾಳಿಯಲ್ಲಿ ತೇವ ಇದ್ದರೆ ಇನ್ನೂ ಬೇಗ. ಈಗ ಮನೆಯಲ್ಲಿ ಇರುವವರಿಗೆ ಹೇಳುತ್ತೇನೆ. ಪಂಜರ ನೆಲದ ಮೇಲೆ, ನೆರಳಿನ ಕೋಣೆಯಲ್ಲಿ ಇಡಿ. ಫ್ರಿಜ್ಜಿನಲ್ಲಿಟ್ಟ ಟೈಲ್ಸ್ ತುಂಡು, ಬಟ್ಟೆ ಸುತ್ತಿದ ಐಸ್ ಬಾಟಲಿ ಒಳಗಿಡಿ. ಕರೆಂಟ್ ಹೋದರೆ ಬಂದು ನೋಡುವವರು ಒಬ್ಬರಿರಲಿ. ಬಿದ್ದಿದ್ದರೆ ಐಸ್ ನೀರಿನಲ್ಲಿ ಮುಳುಗಿಸಬೇಡಿ. ಸಾಧಾರಣ ನೀರಿನಿಂದ ಕಿವಿ, ಪಾದ ಒದ್ದೆ ಮಾಡುತ್ತಾ ಆಸ್ಪತ್ರೆಗೆ ಹೊರಡಿ. ಚಿಕ್ಕ ಪ್ರಾಣಿ ನೋಡುವ ಡಾಕ್ಟರ್ ಯಾರು ಅಂತ ಇವತ್ತೇ ವಿಚಾರಿಸಿ, ನಂಬರ್ ಫ್ರಿಜ್ಜಿನ ಮೇಲೆ ಅಂಟಿಸಿ.

"ಅಂಗಡಿಯಿಂದ ತಂದು ನಾಲ್ಕೇ ದಿನ. ಹಿಂಭಾಗ ಒದ್ದೆ ಇತ್ತು."

ಮರಿ ಹ್ಯಾಮ್‌ಸ್ಟರ್‌ಗೆ ಬರುವ ಕೆಟ್ಟ ಭೇದಿ ಅದು, ವೆಟ್ ಟೇಲ್ ಅನ್ನುತ್ತಾರೆ. ತಾಯಿಯಿಂದ ಬಿಡಿಸಿದ್ದು, ಅಂಗಡಿಯ ಇಕ್ಕಟ್ಟು, ಪ್ರಯಾಣ, ಹೊಸ ಮನೆ ಎಲ್ಲಾ ಸೇರಿ ಕರುಳು ಕೆಡುತ್ತದೆ. ಎರಡು ಮೂರು ದಿನದಲ್ಲಿ ಜೀವ ಹೋಗುತ್ತದೆ. ಔಷಧ ಕೊಟ್ಟರೂ ಎಲ್ಲವೂ ಉಳಿಯುವುದಿಲ್ಲ. ನಾಲ್ಕು ದಿನದಲ್ಲಿ ನೀವು ಮಾಡಿದ್ದರಿಂದ ಬಂದದ್ದಲ್ಲ, ಬರುವಾಗಲೇ ಜೊತೆಗೆ ತಂದಿತ್ತು. ಅಂಗಡಿಯವರಿಗೆ ಹೋಗಿ ಹೇಳಿ. ಅದೇ ಪೆಟ್ಟಿಗೆಯಲ್ಲಿ ಉಳಿದವೂ ಇವೆ.

"ಮಗುವಿಗೆ ಕೊಡುವ ಸಿರಪ್ ಎರಡು ಹನಿ ಕೊಟ್ಟಿದ್ದೆ. ಅದರಿಂದಲಾ?"

ಯಾವ ಸಿರಪ್ ಅಂತ ನೋಡಿ. ಅಮಾಕ್ಸಿಸಿಲಿನ್ ಆಗಿದ್ದರೆ ಇರಬಹುದು. ಪೆನಿಸಿಲಿನ್ ಜಾತಿಯ ಔಷಧ ಬಾಯಿಗೆ ಹಾಕಿದರೆ ಗಿನಿಪಿಗ್, ಹ್ಯಾಮ್‌ಸ್ಟರ್‌ಗಳ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ವಿಷ ಮಾಡುವವು ಬೆಳೆಯುತ್ತವೆ. ಮನುಷ್ಯರ ಮಗುವಿಗೆ ಒಳ್ಳೆಯದಾದದ್ದು ಇದಕ್ಕೆ ಜೀವ ತೆಗೆಯುತ್ತದೆ. ಇದು ನಿಮಗೆ ಗೊತ್ತಿರಲಿಲ್ಲ, ವಾಸಿಯಾಗಲಿ ಅಂತ ಕೊಟ್ಟಿರಿ. ಒಂದು ವಿನಂತಿ ಮಾತ್ರ. ಇದನ್ನು ಯಾರಿಗೂ ಹೇಳದೆ ಒಳಗೇ ಇಟ್ಟುಕೊಳ್ಳಬೇಡಿ. ಗಿನಿಪಿಗ್ ಸಾಕಿದವರು ಸಿಕ್ಕಿದಾಗ ಹೇಳಿ. ನನಗೆ ಇದು ಗೊತ್ತಾದದ್ದೂ ಒಬ್ಬ ತಾಯಿ ಧೈರ್ಯ ಮಾಡಿ ಹೇಳಿದ್ದರಿಂದಲೇ.

"ಎರಡು ಇದ್ದವು. ಒಂದು ಸತ್ತಿದೆ, ಇನ್ನೊಂದು ಅದನ್ನು ತಿಂದ ಹಾಗಿದೆ. ನೋಡೋಕಾಗ್ತಿಲ್ಲ."

ಮೊದಲು ಮಕ್ಕಳನ್ನು ಆಚೆ ಕಳಿಸಿ, ಬಟ್ಟೆ ಮುಚ್ಚಿ. ಈಗ ಕೇಳಿ. ಬಿಲದಲ್ಲಿ ಸತ್ತ ದೇಹ ಬಿಟ್ಟರೆ ವಾಸನೆ ಹಿಡಿದು ಹಾವು ಬರುತ್ತದೆ. ಹಾಗಾಗಿ ಅದನ್ನು ಇಲ್ಲದ ಹಾಗೆ ಮಾಡುವುದು ಇವುಗಳ ಹುಟ್ಟುಗುಣ. ದ್ವೇಷ ಅಲ್ಲ, ಕ್ರೌರ್ಯ ಅಲ್ಲ. ಬದುಕಿ ಉಳಿದದ್ದನ್ನು ಕಂಡು ಅಸಹ್ಯ ಪಡಬೇಡಿ.

ಆದರೆ ಸಿರಿಯನ್ ಹ್ಯಾಮ್‌ಸ್ಟರ್ ಒಂಟಿ ಪ್ರಾಣಿ. ಎಂಟು ಹತ್ತು ವಾರ ತುಂಬಿದ ಮೇಲೆ ಎರಡನ್ನು ಒಟ್ಟಿಗೆ ಇಟ್ಟರೆ ಹೊಡೆದಾಡಿ ಸಾಯುತ್ತವೆ. "ಜೋಡಿ ಇದ್ದರೆ ಬೇಜಾರಾಗುವುದಿಲ್ಲ" ಅಂತ ಅಂಗಡಿಯಲ್ಲಿ ಎರಡು ಕಟ್ಟಿಕೊಡುತ್ತಾರೆ. ಕಚ್ಚಿದ ಗಾಯ ಕಂಡರೆ ಕಾರಣ ಅದೇ ಇರಬಹುದು.

"ಹಿಂದಿನ ದಿನ ಪೆಸ್ಟ್ ಕಂಟ್ರೋಲ್ ಮಾಡಿಸಿದ್ದೆವು."

ಹಾಗಿದ್ದರೆ ಅನುಮಾನ ಪಡಲೇಬೇಕು. ಉಳಿದ ಪ್ರಾಣಿಗಳನ್ನು ಈಗಲೇ ಬೇರೆ ಮನೆಗೆ ಸಾಗಿಸಿ, ಯಾವ ಔಷಧ ಹೊಡೆದರು ಅಂತ ಹೆಸರು ಬರೆದುಕೊಂಡು ಡಾಕ್ಟರಿಗೆ ತೋರಿಸಿ. ಸೊಸೈಟಿಯವರು ಇಲಿಪಾಷಾಣ ಇಡುವ ದಿನವೂ ಎಚ್ಚರ ಬೇಕು.

"ಹಾಗಾದ್ರೆ ನಾನೇ ಕೊಂದೆನಾ?"

ಹೆಚ್ಚಿನವರಿಗೆ ಉತ್ತರ "ಇಲ್ಲ". ಮುಪ್ಪು, ಒಳಗಿನ ರೋಗ, ಅಂಗಡಿಯಿಂದ ಬಂದ ಸೋಂಕು ನಿಮ್ಮ ಕೈಯಲ್ಲಿರಲಿಲ್ಲ.

ಕೆಲವರಿಗೆ ಅಷ್ಟು ಸುಲಭದ ಉತ್ತರ ಇಲ್ಲ. ನನಗೂ ಇಲ್ಲ. ಆ ಪಂಜರವನ್ನು ಕಿಟಕಿ ಪಕ್ಕ ಇಟ್ಟವಳು ನಾನು. "ನಿನ್ನ ತಪ್ಪೇನೂ ಇಲ್ಲ ಬಿಡು" ಅಂತ ಎಲ್ಲರೂ ಹೇಳಿದರು. ಅದರಿಂದ ಸಮಾಧಾನ ಆಗಲಿಲ್ಲ, ಯಾಕಂದರೆ ಅದು ನಿಜ ಅಲ್ಲ ಅಂತ ನನಗೆ ಗೊತ್ತಿತ್ತು. ನಮ್ಮ ಯಜಮಾನರು ಒಂದು ದಿನ ಬೇರೆ ಥರ ಹೇಳಿದರು. "ತಪ್ಪಾಯಿತು. ಬೇಕಂತ ಮಾಡಲಿಲ್ಲ. ಎರಡೂ ನಿಜ." ಅವತ್ತು ಮೊದಲ ಸಲ ಊಟ ಸೇರಿತು. ನಿಮ್ಮದೂ ಹಾಗಿದ್ದರೆ, ಆದದ್ದನ್ನು ಒಬ್ಬರ ಎದುರಿಗೆ ಆದ ಹಾಗೇ ಹೇಳಿ. ಸಣ್ಣದು ಮಾಡಬೇಡಿ, ದೊಡ್ಡದೂ ಮಾಡಬೇಡಿ.

## ಮಕ್ಕಳು, ಮನೆಯವರು, ಉಳಿದ ಪ್ರಾಣಿಗಳು

"ಮಗಳಿಗೆ ಐದು ವರ್ಷ. ನಿದ್ದೆ ಮಾಡ್ತಿದೆ ಅಂತ ಹೇಳಲಾ?"

ಬೇಡ. ಆ ಮಾತು ಹೇಳಿಸಿಕೊಂಡ ಮಕ್ಕಳು ರಾತ್ರಿ ಮಲಗೋಕೆ ಹೆದರುತ್ತಾರೆ. "ಊರಿಗೆ ಹೋಯಿತು" ಅಂದರೆ ಅಪ್ಪ ಊರಿಗೆ ಹೊರಟಾಗ ಅಳುತ್ತಾರೆ. "ಸತ್ತುಹೋಯಿತು" ಅನ್ನುವ ಮಾತನ್ನೇ ಹೇಳಿ. ಅದರ ಅರ್ಥವನ್ನೂ ಬಿಡಿಸಿ ಹೇಳಿ. ಉಸಿರಾಡುವುದಿಲ್ಲ, ತಿನ್ನುವುದಿಲ್ಲ, ನೋವಾಗುವುದಿಲ್ಲ, ಮತ್ತೆ ಬರುವುದಿಲ್ಲ. ಐದು ವರ್ಷದ ಮಗುವಿಗೆ ಮತ್ತೆ ಬರುವುದಿಲ್ಲ ಅನ್ನುವುದು ಒಮ್ಮೆಗೇ ಹತ್ತುವುದಿಲ್ಲ. ನಾಳೆ ಬೆಳಗ್ಗೆ "ಈಗ ಎದ್ದಿತಾ?" ಅಂತ ಕೇಳುತ್ತದೆ. ಮತ್ತೆ ಅದೇ ಮಾತು, ಅದೇ ಶಾಂತ ದನಿಯಲ್ಲಿ ಹೇಳಿ. ಮಣ್ಣು ಮಾಡುವಾಗ ಬರುತ್ತೇನೆ ಅಂದರೆ ಕರೆದುಕೊಂಡು ಹೋಗಿ. ಬೇಡ ಅಂದರೆ ಎಳೆಯಬೇಡಿ. ನಿಮಗೆ ಅಳು ಬಂದರೆ ಅದರ ಎದುರಿಗೇ ಅಳಿ.

"ಶಾಲೆಯಿಂದ ಬರೋದ್ರೊಳಗೆ ಅದೇ ಬಣ್ಣದ್ದು ತಂದಿಟ್ಟರೆ ಗೊತ್ತಾಗಲ್ಲ, ಅಲ್ವಾ?"

ಗೊತ್ತಾಗುತ್ತದೆ. ಕಿವಿಯ ಚುಕ್ಕೆ, ಕೈ ಮೂಸುವ ರೀತಿ ಮಕ್ಕಳು ನಮಗಿಂತ ಚೆನ್ನಾಗಿ ಬಲ್ಲರು. ನಮ್ಮ ಬಿಲ್ಡಿಂಗ್‌ನ ಎರಡನೇ ಮಹಡಿಯ ಹುಡುಗ ಹೊಸದನ್ನು ಹತ್ತು ನಿಮಿಷ ನೋಡಿ, "ಇದು ನನ್ನದಲ್ಲ, ನನ್ನದು ಎಲ್ಲಿ?" ಅಂದ. ಆಮೇಲೆ ಅವರಮ್ಮ ಎರಡು ವಿಷಯ ಹೇಳಬೇಕಾಯಿತು.

"ಮಗ ಒಂದು ಹನಿ ಅಳಲಿಲ್ಲ, ಆಟಕ್ಕೆ ಹೋದ. ಪ್ರೀತಿ ಇರಲಿಲ್ವಾ?"

ಇತ್ತು. ಮಕ್ಕಳು ದುಃಖವನ್ನು ಸ್ವಲ್ಪ ಸ್ವಲ್ಪವಾಗಿ ಎತ್ತಿಕೊಳ್ಳುತ್ತಾರೆ. ನಡುವೆ ಕ್ರಿಕೆಟ್ ಆಡುತ್ತಾರೆ. ಹದಿನೈದು ದಿನ ಬಿಟ್ಟು ಒಂದು ಕ್ಯಾರೆಟ್ ನೋಡಿ ಅಳಬಹುದು. ಆಗ ನೀವು ಪಕ್ಕದಲ್ಲಿದ್ದರೆ ಸಾಕು.

"ಒಂದು ಇಲಿ ಸತ್ತದ್ದಕ್ಕೆ ಇಷ್ಟು ಅಳುವುದುಂಟಾ ಅಂತ ಮನೆಯಲ್ಲಿ ಕೇಳ್ತಾರೆ. ಏನು ಹೇಳಲಿ?"

ಇಲಿ ಬೋನಿಗೆ ಬಿದ್ದರೆ ಸಂತೋಷ ಪಡುವ ಮನೆಗಳಲ್ಲಿ ಬೆಳೆದವರು ನಾವೆಲ್ಲ. ನಮ್ಮ ಅತ್ತೆಯೂ ಹಾಗೇ. ಅವರು ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಅವರಿಗೆ ಅದು ಇಲಿ. ನಿಮಗೆ ಅದು ಎರಡು ವರ್ಷ ಪ್ರತಿ ರಾತ್ರಿ ಬಾಗಿಲ ಸದ್ದಿಗೆ ಎದ್ದು ಸರಳು ಹಿಡಿದು ನಿಂತ ಜೀವ. ನೀವು ಅಳುತ್ತಿರುವುದು ಆ ಜೀವಕ್ಕೆ. ವಾದ ಮಾಡಬೇಡಿ. "ನನಗೆ ಬೇಜಾರಾಗಿದೆ, ಎರಡು ದಿನ ಬಿಡಿ" ಅನ್ನಿ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಮಾತ್ರ ಅಳಬೇಡಿ. ಮುಂಬೈಯ ಸಣ್ಣ ಮನೆಗಳಲ್ಲಿ ತುಂಬಾ ಜನ ಹಾಗೆ ಅಳುತ್ತಾರೆ. ಅಂಥವರಲ್ಲಿ ದುಃಖ ತಿಂಗಳಾನುಗಟ್ಟಲೆ ಹಾಗೇ ಉಳಿದದ್ದನ್ನು ನೋಡಿದ್ದೇನೆ.

ಕಡ್ಲೆ ಹೋದ ಮೂರನೇ ದಿನ ಅತ್ತೆ ಅಕ್ಕಿ ಆರಿಸುತ್ತಾ, "ಬೆಳಗ್ಗೆ ಫ್ರಿಜ್ ಬಾಗಿಲು ತೆಗೆದರೆ ಸೀಟಿ ಹೊಡೀತಿತ್ತು, ಈಗ ಇಲ್ಲ" ಅಂದರು.

"ಜೊತೆಗಿದ್ದ ಇನ್ನೊಂದು ಗಿನಿಪಿಗ್ ಮೂಲೆ ಹಿಡಿದಿದೆ. ಅದಕ್ಕೂ ದುಃಖ ಆಗ್ತದಾ?"

ಗಿನಿಪಿಗ್ ಗುಂಪಿನಲ್ಲಿ ಬದುಕುವ ಪ್ರಾಣಿ. ಜೊತೆ ಇಲ್ಲದಿದ್ದರೆ ಅದಕ್ಕೆ ತಿಳಿಯುತ್ತದೆ. ಅಂಟುರೋಗದ ಅನುಮಾನ ಇಲ್ಲದಿದ್ದರೆ ಸತ್ತದ್ದನ್ನು ಸ್ವಲ್ಪ ಹೊತ್ತು ಅದರ ಪಕ್ಕ ಬಿಡಿ, ಮೂಸಿ ನೋಡಲಿ. ಹುಡುಕಾಟ ಕಮ್ಮಿಯಾಗುವುದನ್ನು ನಾನು ಕಂಡಿದ್ದೇನೆ.

ದುಃಖಕ್ಕಿಂತ ದೊಡ್ಡ ಅಪಾಯ ಊಟ ಬಿಡುವುದು. ಗಿನಿಪಿಗ್‌ನ ಕರುಳು ನಿಲ್ಲಬಾರದು. ಅರ್ಧ ದಿನ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ನಾಳೆವರೆಗೆ ಕಾಯಬೇಡಿ, ಡಾಕ್ಟರ್ ಹತ್ತಿರ ಹೋಗಿ. ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ತೂಕ ನೋಡಿ ಬರೆದಿಡಿ. ಕಣ್ಣಿಗೆ ಕಾಣದ ಕಾಯಿಲೆ ತೂಕದಲ್ಲಿ ಮೊದಲು ಕಾಣುತ್ತದೆ. ನೀವು ಅದರ ಪಕ್ಕ ನೆಲದ ಮೇಲೆ ಕೂತು ಏನಾದರೂ ಕೆಲಸ ಮಾಡಿಕೊಳ್ಳಿ. ಹೊಸ ಜೊತೆ ಬೇಕಾಗುತ್ತದೆ. ಆದರೆ ತಂದ ದಿನವೇ ಸೇರಿಸಬೇಡಿ. ಎರಡು ಮೂರು ವಾರ ಬೇರೆ ಕೋಣೆಯಲ್ಲಿಟ್ಟು ರೋಗ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

## ದಿನ ಕಳೆದ ಮೇಲೆ

"ರಾತ್ರಿ ಪಂಜರದ ಚಕ್ರ ತಿರುಗುವ ಸದ್ದು ಕೇಳಿದ ಹಾಗೆ ಆಗ್ತದೆ. ನನಗೆ ಏನಾದರೂ ಆಗಿದೆಯಾ?"

ಏನೂ ಆಗಿಲ್ಲ. ಎರಡು ವರ್ಷ ಆ ಸದ್ದಿನಲ್ಲೇ ಮಲಗಿದ್ದೀರಿ. ಕಿವಿ ಅದಕ್ಕಾಗಿ ಕಾಯುತ್ತದೆ. ಫ್ಯಾನಿನ ಕಿರ್ ಸದ್ದು ಕೂಡ ಅದರ ಹಾಗೇ ಕೇಳುತ್ತದೆ. ಕೆಲವು ವಾರದಲ್ಲಿ ಕಮ್ಮಿಯಾಗುತ್ತದೆ.

ಊಟ, ನಿದ್ದೆ ವಾರಗಟ್ಟಲೆ ಬಿಟ್ಟುಹೋದರೆ, ಯಾವ ಕೆಲಸಕ್ಕೂ ಕೈ ಏಳದಿದ್ದರೆ, ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸೇವೆ ಅದು, ಕನ್ನಡದಲ್ಲೂ ಮಾತಾಡಬಹುದು. ಇಲಿ ಸತ್ತದ್ದಕ್ಕೆ ಅಂತ ಹೇಳೋಕೆ ಸಂಕೋಚ ಬೇಡ. ಎಷ್ಟೋ ಸಲ ಈ ಸಾವು ಹಳೆಯ ಬೇರೊಂದು ಸಾವನ್ನು ಎಬ್ಬಿಸಿರುತ್ತದೆ.

"ಪಂಜರ ಮತ್ತೆ ಬಳಸಬಹುದಾ?"

ಬಳಸಬಹುದು. ಮರದ ಆಟಿಕೆ, ಬಟ್ಟೆ, ಹಾಸು ಎಲ್ಲಾ ಬಿಸಾಡಿ. ಮೊದಲು ಸೋಪು ನೀರಿನಲ್ಲಿ ಮೂತ್ರದ ಕಲೆ ಪೂರ್ತಿ ಹೋಗುವ ಹಾಗೆ ಉಜ್ಜಿ. ಆಮೇಲೆ ಬ್ಲೀಚ್ ನೀರು, ಬಾಟಲಿಯ ಮೇಲೆ ಹೇಳಿದ ಅಳತೆಯಲ್ಲಿ. ಮೂತ್ರ ಇರುವಾಗಲೇ ಬ್ಲೀಚ್ ಹಾಕಿದರೆ ಕೆಟ್ಟ ಗ್ಯಾಸ್ ಬರುತ್ತದೆ. ಚೆನ್ನಾಗಿ ತೊಳೆದು ಬಿಸಿಲಿಗಿಡಿ. ತೊಳೆಯಲು ಮನಸ್ಸು ಬಾರದಿದ್ದರೆ ಚೀಲದಲ್ಲಿ ಕಟ್ಟಿ ಮಾಳಿಗೆಯಲ್ಲಿಡಿ. ಅವಸರ ಏನಿಲ್ಲ.

"ಇನ್ನೊಂದು ಯಾವಾಗ ತರಲಿ? ಬೇಗ ತಂದರೆ ಮೋಸ ಮಾಡಿದ ಹಾಗಾ?"

ಮೋಸ ಅಲ್ಲ. ಆದರೆ ಸತ್ತದ್ದರ ಜಾಗ ತುಂಬಿಸಲು ತರುತ್ತಿದ್ದರೆ ತಡೆಯಿರಿ. ಹೊಸದು ಹೊಸದೇ, ಹಳೆಯದರ ಹಾಗೆ ಕೈಗೆ ಬರುವುದಿಲ್ಲ. ಆಗ ಅದರ ಮೇಲೆ ಬೇಸರವಾಗುತ್ತದೆ, ಪಾಪ. ಹೊಸ ಹೆಸರು ಇಡುವ ಮನಸ್ಸು ಬಂದಾಗ ತನ್ನಿ. ಮನೆಯಲ್ಲಿ ಸಾಕಲಾಗದೆ ಬಿಡುವವರು ತುಂಬಾ ಇದ್ದಾರೆ, ಅಂಥವರ ಹತ್ತಿರ ಕೇಳಿ. ಕ್ರಾಫರ್ಡ್ ಮಾರ್ಕೆಟ್ಟಿಗೋ ಬೇರೆ ಅಂಗಡಿಗೋ ಹೋಗುವುದಾದರೆ ನೋಂದಣಿ ಇದೆಯಾ ನೋಡಿ. 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ಅಂಗಡಿಗೆ ಅದು ಬೇಕೇ ಬೇಕು. ಮೂಗು ಸುರಿಯುವುದು, ಹಿಂಭಾಗ ಒದ್ದೆ, ಒಂದೇ ಡಬ್ಬಿಯಲ್ಲಿ ಹತ್ತಾರು ಮರಿ ಕಂಡರೆ ವಾಪಸ್ ಬನ್ನಿ. ಮಧ್ಯಾಹ್ನದ ಬಿಸಿಲಲ್ಲಿ ಲೋಕಲ್‌ನಲ್ಲಿ ತರಬೇಡಿ.

"ಒಂದು ವರ್ಷ ಆಯ್ತು. ಈಗಲೂ ಕೊತ್ತಂಬರಿ ಕೊಳ್ಳುವಾಗ ಅಳು ಬರುತ್ತದೆ. ಇದು ಯಾವಾಗ ನಿಲ್ಲುತ್ತದೆ?"

ನನಗೆ ಆರು ವರ್ಷ ಆಯಿತು. ಅಳು ನಿಂತಿದೆ, ಕೈ ನಿಂತಿಲ್ಲ. ಈಗಲೂ ಕೊತ್ತಂಬರಿ ಕಟ್ಟು ಬಿಚ್ಚಿದರೆ ಎಲೆ ಒಂದು ಕಡೆ, ದಂಟು ಒಂದು ಕಡೆ ಮಾಡುತ್ತೇನೆ. ನಮ್ಮ ಗಲ್ಲಿಯ ತರಕಾರಿಯವರು ಹೂಕೋಸಿನ ಸೊಪ್ಪು, ಕ್ಯಾರೆಟ್ ಎಲೆ ಕಡ್ಲೆಗೆ ಅಂತ ಎತ್ತಿಡುತ್ತಿದ್ದರು. ಹೋದ ವಿಷಯ ಅವರಿಗೆ ಹೇಳೋಕೆ ನನಗೆ ಹದಿನೈದು ದಿನ ಹಿಡಿಯಿತು. ಅಷ್ಟು ದಿನವೂ ಸೊಪ್ಪು ತಂದು ಅಡುಗೆಮನೆಯಲ್ಲಿ ಇಟ್ಟು, ಬಾಡಿದ ಮೇಲೆ ಬಿಸಾಡುತ್ತಿದ್ದೆ. ಹೇಳಿದ ದಿನ ಅವರು ಗಾಡಿ ಬಿಟ್ಟು ಈಚೆ ಬಂದು, ಎಷ್ಟು ದಿನವಾಯಿತು, ಏನಾಗಿತ್ತು ಅಂತ ಕೇಳಿದರು. ನಾನು ರಸ್ತೆಯಲ್ಲೇ ನಿಂತು ಎಲ್ಲಾ ಹೇಳಿದೆ.